ಡೇ ಕೇರ್ ನಡೆಸುವವರಿಗೆ ಆರೋಗ್ಯ, ಸುರಕ್ಷತೆಯ ಮಾರ್ಗದರ್ಶಿ: ಬೆಳಗ್ಗೆ ಬಾಗಿಲು ತೆಗೆಯುವುದರಿಂದ ಸಂಜೆ ಮಗುವನ್ನು ಒಪ್ಪಿಸುವವರೆಗೆ

"ಮನೆಯಲ್ಲೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳಬೇಕು ಅಂತಿದ್ದೇನೆ. ಸುರಕ್ಷತೆಗೆ ಏನೇನು ಮಾಡಿಕೊಳ್ಳಬೇಕು?" ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಹೊಸದಾಗಿ ಡೇ ಕೇರ್ ತೆರೆಯುವವರಿದ್ದಾರೆ, ವರ್ಷಗಳಿಂದ ನಡೆಸುತ್ತಿರುವವರಿದ್ದಾರೆ, ಅಲ್ಲಿ ಈಗಷ್ಟೇ ಕೆಲಸಕ್ಕೆ ಸೇರಿದವರೂ ಇದ್ದಾರೆ. ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಮಕ್ಕಳ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು ಅಂತಾರೆ. ಎಂಟು ಗಂಟೆ ಹೊತ್ತು ಹಾಗಿರುವುದು ಯಾರಿಂದಲೂ ಆಗುವುದಿಲ್ಲ. ಫೋನ್ ಬರುತ್ತದೆ, ಒಂದು ಮಗು ವಾಂತಿ ಮಾಡಿಕೊಳ್ಳುತ್ತದೆ, ಬಾಗಿಲಲ್ಲಿ ಯಾರೋ ಬಂದು ನಿಂತಿರುತ್ತಾರೆ. ಅನಾಹುತ ನಡೆಯುವುದು ಜಾಸ್ತಿ ಇಂಥ ಹೊತ್ತಲ್ಲೇ. ನಿಮ್ಮ ಗಮನ ಒಂದು ನಿಮಿಷ ಬೇರೆ ಕಡೆ ಹೋದರೂ ಮಗುವಿಗೆ ಏನೂ ಆಗಬಾರದು. ಜಾಗವನ್ನೂ ದಿನಚರಿಯನ್ನೂ ಹಾಗೆ ಜೋಡಿಸಿಕೊಳ್ಳಬೇಕು. ಕೆಳಗಿನ ಹಂತಗಳೆಲ್ಲ ಇರುವುದು ಅದಕ್ಕಾಗಿ.

ಲೈಸೆನ್ಸ್, ನೋಂದಣಿ, ಕಟ್ಟಡದ ನಿಯಮಗಳು ಒಂದೊಂದು ಕಡೆ ಒಂದೊಂದು ಥರ ಇರುತ್ತವೆ. ಅವನ್ನು ನಿಮ್ಮ ಆಡಳಿತದ ಕಚೇರಿಯಲ್ಲೇ ಕೇಳಿ ತಿಳಿದುಕೊಳ್ಳಿ. ಆ ನಿಯಮ ಇಲ್ಲಿ ಹೇಳಿದ್ದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಿ.

ಶುರು ಮಾಡುವ ಮೊದಲು ಏನೇನು ಬೇಕು

ಡಿಜಿಟಲ್ ಥರ್ಮಾಮೀಟರ್, ಒಮ್ಮೆ ಬಳಸಿ ಬಿಸಾಡುವ ಕೈಗವಸು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮುಚ್ಚಳವಿರುವ ಕಸದ ಡಬ್ಬಿ, ಬೀಗ ಹಾಕಬಹುದಾದ ಒಂದು ಕಪಾಟು, ಹೊಗೆ ಬಂದರೆ ಸದ್ದು ಮಾಡುವ ಅಲಾರಂ, ಬೆಂಕಿ ಆರಿಸುವ ಸಿಲಿಂಡರ್, ಹಾಜರಿ ಪುಸ್ತಕ. ತುರ್ತು ಸೇವೆಯ ನಂಬರ್, ಹತ್ತಿರದ ಆಸ್ಪತ್ರೆಯ ನಂಬರ್ ಮತ್ತು ನೀವಿರುವ ಜಾಗದ ಪೂರ್ತಿ ವಿಳಾಸವನ್ನು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ವಿಳಾಸ ಯಾಕೆ ಅಂದರೆ, ಗಾಬರಿಯಲ್ಲಿ ಸ್ವಂತ ಮನೆಯ ನಂಬರೇ ಬಾಯಿಗೆ ಬರುವುದಿಲ್ಲ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಮಕ್ಕಳ ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ ತರಬೇತಿಯನ್ನು ಕೈಯಾರೆ ಮಾಡಿ ಕಲಿಯಬೇಕು. ಸಿಪಿಆರ್ ಅಂದರೆ ಉಸಿರು ನಿಂತವರ ಎದೆ ಒತ್ತಿ, ಬಾಯಿಂದ ಉಸಿರು ಕೊಡುವ ವಿಧಾನ. ವಿಡಿಯೊ ನೋಡಿ ಕಲಿತದ್ದು ಸಾಲದು. ಬೊಂಬೆಯ ಮೇಲೆ ಒತ್ತಿ ನೋಡಿದಾಗಲೇ ಎಷ್ಟು ಬಲ ಬೇಕು ಅನ್ನುವುದು ಕೈಗೆ ಗೊತ್ತಾಗುವುದು. ಮಕ್ಕಳಿರುವ ಅಷ್ಟೂ ಹೊತ್ತು ತರಬೇತಿ ಪಡೆದವರೊಬ್ಬರು ಅಲ್ಲೇ ಇರಬೇಕು.

1. ಸೇರಿಸಿಕೊಳ್ಳುವ ಮೊದಲೇ ಮಾಹಿತಿ ಬರೆಸಿಕೊಳ್ಳಿ

ಪ್ರತಿ ಮಗುವಿಗೂ ಒಂದು ಹಾಳೆ ಇರಲಿ. ಅದರಲ್ಲಿ ಇವು ಇರಬೇಕು: ಅಪ್ಪ ಅಮ್ಮನ ನಂಬರ್, ಅವರು ಸಿಗದಿದ್ದರೆ ಇನ್ನಿಬ್ಬರ ನಂಬರ್, ಮಗುವಿನ ವೈದ್ಯರ ನಂಬರ್, ಹಾಕಿಸಿದ ಲಸಿಕೆಗಳು, ಅಲರ್ಜಿ, ಈ ಹಿಂದೆ ಜ್ವರಕ್ಕೆ ಫಿಟ್ಸ್ ಬಂದಿತ್ತೇ, ಈಗ ಯಾವ ಔಷಧಿ ನಡೆಯುತ್ತಿದೆ, ತುರ್ತು ಸಂದರ್ಭದಲ್ಲಿ ಆಸ್ಪತ್ರೆಗೆ ಕರೆದೊಯ್ಯಲು ಒಪ್ಪಿಗೆ.

ಅಲರ್ಜಿಯ ಬಗ್ಗೆ "ಇದೆಯಾ?" ಅಂತಷ್ಟೇ ಕೇಳಬೇಡಿ. ಯಾವುದಕ್ಕೆ, ಬಂದಾಗ ಏನಾಗುತ್ತದೆ, ಏನು ಮಾಡಬೇಕು, ಈ ಮೂರನ್ನೂ ಕೇಳಿ. ಮೈ ಕೆರೆತ ಬರುವ ಅಲರ್ಜಿ ಬೇರೆ. ಗಂಟಲು ಊದಿ ಉಸಿರು ಕಟ್ಟುವ ಅನಾಫಿಲಾಕ್ಸಿಸ್ ಬೇರೆ. ಎರಡನೆಯದು ಆಗಬಹುದಾದ ಮಗುವಿಗೆ ವೈದ್ಯರು ಅಡ್ರಿನಲಿನ್ ಪೆನ್ ಬರೆದುಕೊಟ್ಟಿರುತ್ತಾರೆ. ತೊಡೆಗೆ ಒತ್ತಿದರೆ ತಾನೇ ಔಷಧಿ ಚುಚ್ಚುವ ಸಿರಿಂಜ್ ಅದು. ಅದು ಮಗುವಿನ ಜೊತೆಗೇ ಬರಬೇಕು, ಮಕ್ಕಳ ಕೈಗೆ ಸಿಗದ, ಆದರೆ ನಿಮ್ಮ ಕೈಗೆ ತಕ್ಷಣ ಸಿಗುವ ಜಾಗದಲ್ಲಿರಬೇಕು. ಬೀಗ ಹಾಕಿ ಕೀಲಿ ಹುಡುಕುವಂತಿರಬಾರದು.

ಸಂಜೆ ಮಗುವನ್ನು ಯಾರು ಕರೆದೊಯ್ಯಬಹುದು ಅನ್ನುವುದನ್ನು ಹೆಸರು, ಫೋಟೊ ಸಮೇತ ಬರೆಸಿಕೊಳ್ಳಿ. ಪಟ್ಟಿಯಲ್ಲಿ ಇಲ್ಲದವರು ಬಂದರೆ, ಎಷ್ಟೇ ಹತ್ತಿರದ ನೆಂಟರು ಅಂತ ಹೇಳಿದರೂ, ಮಗು ಅವರನ್ನು ನೋಡಿ ಓಡಿ ಹೋದರೂ, ಪೋಷಕರಿಗೆ ನೀವೇ ಫೋನ್ ಮಾಡಿ. ಬಂದವರು ತಮ್ಮ ಫೋನಿನಿಂದ ಹಚ್ಚಿಕೊಡುವ ಕರೆಯನ್ನು ನಂಬಬೇಡಿ. ಮುಖ ನೋಡಿ ಇಲ್ಲ ಅನ್ನುವುದಕ್ಕೆ ಸಂಕೋಚ ಆಗುತ್ತದೆ, ನಿಜ. ನಿಯಮ ಮೊದಲ ದಿನವೇ ಬರಹದಲ್ಲಿ ಕೊಟ್ಟಿದ್ದರೆ ಆ ಸಂಕೋಚ ಅರ್ಧ ಕಡಿಮೆಯಾಗುತ್ತದೆ.

2. ಮಂಡಿಯೂರಿ ಕೋಣೆಯನ್ನು ಸುತ್ತಿ ಬನ್ನಿ

ನಿಂತು ನೋಡಿದರೆ ಕಾಣದ್ದು ನೆಲದ ಮಟ್ಟದಲ್ಲಿ ಕಾಣುತ್ತದೆ. ನಿಜವಾಗಿಯೂ ಅಂಬೆಗಾಲಿಟ್ಟು ಒಂದು ಸುತ್ತು ಬನ್ನಿ. ಸೋಫಾದ ಕೆಳಗೆ ಉರುಳಿದ ನಾಣ್ಯ, ಜೋತುಬಿದ್ದ ಚಾರ್ಜರ್ ವೈರ್, ತೆರೆದ ಪ್ಲಗ್ ಪಾಯಿಂಟ್, ಎಳೆದರೆ ಮೈಮೇಲೆ ಬೀಳುವ ಡ್ರಾಯರ್, ಎಲ್ಲ ಆಗ ಕಣ್ಣಿಗೆ ಬೀಳುತ್ತವೆ. ಇದನ್ನು ದಿನಾ ಬೆಳಗ್ಗೆ ಮಕ್ಕಳು ಬರುವ ಮೊದಲು ಮಾಡಿ. ನಿನ್ನೆ ಸಂಜೆ ಇಲ್ಲದ ಅಂಗಿಯ ಗುಂಡಿ ಇವತ್ತು ನೆಲದ ಮೇಲೆ ಇರಬಹುದು.

ನನ್ನ ಲೆಕ್ಕದಲ್ಲಿ ಮೊದಲು ಹುಡುಕಬೇಕಾದ್ದು ಬಟನ್ ಬ್ಯಾಟರಿ. ರಿಮೋಟ್, ಬೆಳಕು ಬರುವ ಆಟಿಕೆ, ಹಾಡುವ ಶುಭಾಶಯ ಪತ್ರ, ತೂಕದ ಯಂತ್ರ, ಕಾರಿನ ಕೀಲಿ ಇವುಗಳಲ್ಲಿರುವ ನಾಣ್ಯದಂಥ ಬಿಲ್ಲೆ ಇದು. ಮಗು ನುಂಗಿದಾಗ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅಲ್ಲಿನ ತೇವದಲ್ಲಿ ವಿದ್ಯುತ್ ಹರಿದು ಕ್ಷಾರ ಹುಟ್ಟುತ್ತದೆ. ಅದು 2 ಗಂಟೆಯೊಳಗೇ ಒಳಗಿನ ಗೋಡೆಯನ್ನು ಸುಡಬಲ್ಲದು. "ಬ್ಯಾಟರಿ ಖಾಲಿಯಾಗಿತ್ತು" ಅನ್ನುವುದು ಸಮಾಧಾನವಲ್ಲ, ರಿಮೋಟ್ ನಡೆಸಲಾಗದ ಬ್ಯಾಟರಿಯಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. 20 ಮಿಲಿಮೀಟರ್ ಅಗಲದ ಲಿಥಿಯಂ ಬಿಲ್ಲೆ ಎಲ್ಲಕ್ಕಿಂತ ಅಪಾಯ. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ವಸ್ತುವನ್ನು ಮಕ್ಕಳ ಕೋಣೆಯಲ್ಲಿ ಇಡಬೇಡಿ. ನುಂಗಿದೆ ಅನ್ನುವ ಅನುಮಾನ ಬಂದರೂ ಸಾಕು, ಕಾಯಬೇಡಿ, ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ ಹೊರಡಿ. ಒಂದಕ್ಕಿಂತ ಹೆಚ್ಚು ಅಯಸ್ಕಾಂತದ ಗುಂಡು ನುಂಗಿದರೂ ಅಷ್ಟೇ ತುರ್ತು, ಅವು ಕರುಳಿನ ಎರಡು ಮಡಿಕೆಗಳನ್ನು ಮಧ್ಯೆ ಸಿಕ್ಕಿಸಿಕೊಂಡು ತೂತು ಮಾಡುತ್ತವೆ.

ಉಳಿದವನ್ನು ಬೇಗ ಹೇಳುತ್ತೇನೆ.

- ಕಪಾಟು, ಪುಸ್ತಕದ ಸ್ಟ್ಯಾಂಡ್, ಟಿವಿ ಇವನ್ನು ಗೋಡೆಗೆ ಬಿಗಿಯಿರಿ.
- ಕಿಟಕಿ ಪರದೆಯ ದಾರ ಮಗುವಿನ ಕೈಗೆ ಸಿಗದಷ್ಟು ಮೇಲಿರಲಿ. ಕುತ್ತಿಗೆಗೆ ಸುತ್ತಿಕೊಂಡರೆ ಸದ್ದೇ ಬರುವುದಿಲ್ಲ.
- ಬಕೆಟ್, ಟಬ್‌ನಲ್ಲಿ ನೀರು ನಿಲ್ಲಿಸಬೇಡಿ. 5 ಸೆಂಟಿಮೀಟರ್ ನೀರಿನಲ್ಲೂ ಪುಟ್ಟ ಮಗು ಮುಳುಗಬಹುದು. ತಲೆ ಭಾರ, ಬಗ್ಗಿ ಬಿದ್ದರೆ ತಾನಾಗಿ ಏಳಲಾರದು.
- ನಲ್ಲಿಯ ಬಿಸಿನೀರು 49 ಡಿಗ್ರಿ ಸೆಲ್ಸಿಯಸ್ ದಾಟದಂತೆ ಗೀಸರ್ ಹೊಂದಿಸಿ. 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ.
- ಕ್ಲೀನಿಂಗ್ ದ್ರಾವಣಗಳು ಅವು ಬಂದ ಬಾಟಲಿಯಲ್ಲೇ ಇರಲಿ. ನೀರಿನ ಬಾಟಲಿಗೆ ಸುರಿದಿಡುವುದು ದೊಡ್ಡ ತಪ್ಪು.
- ಮೂರು ವರ್ಷದೊಳಗಿನ ಮಕ್ಕಳಿರುವ ಕಡೆ, ಖಾಲಿ ಟಾಯ್ಲೆಟ್ ಪೇಪರ್ ರೋಲ್‌ನ ಒಳಗೆ ತೂರುವ ಯಾವ ವಸ್ತುವೂ ನೆಲದ ಮೇಲೆ ಬೇಡ.
- ಊದದ ಬಲೂನು, ಒಡೆದ ಬಲೂನಿನ ಚೂರು ಗಂಟಲಿಗೆ ಅಂಟಿಕೊಳ್ಳುತ್ತದೆ. ಬಲೂನನ್ನೇ ಬಿಟ್ಟುಬಿಡಿ.

3. ಒಬ್ಬರಿಗೆ ಎಷ್ಟು ಮಕ್ಕಳು?

ಸಂಖ್ಯೆ ನಿಮ್ಮ ಊರಿನ ನಿಯಮದಲ್ಲಿರುತ್ತದೆ. ಅಂದಾಜಿಗೆ ಹೇಳುವುದಾದರೆ, ಒಂದು ವರ್ಷದೊಳಗಿನ ಶಿಶುಗಳಾದರೆ ಒಬ್ಬ ದೊಡ್ಡವರಿಗೆ ಮೂರು, ಜಾಸ್ತಿ ಅಂದರೆ ನಾಲ್ಕು. ಯೋಚಿಸಿ ನೋಡಿ, ಹೊಗೆ ತುಂಬಿದ ಮನೆಯಿಂದ ನೀವು ಒಬ್ಬರೇ ಎಷ್ಟು ಶಿಶುಗಳನ್ನು ಎತ್ತಿಕೊಂಡು ಓಡಬಲ್ಲಿರಿ? ಉತ್ತರ ಅಲ್ಲೇ ಇದೆ ಅಲ್ವಾ.

ತಲೆ ಎಣಿಸುವುದು ಅಭ್ಯಾಸವಾಗಬೇಕು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ, ಹೊರಗೆ ಆಡಲು ಹೋಗುವಾಗ, ಒಳಗೆ ಬಂದ ಮೇಲೆ, ವಾಹನ ಹತ್ತುವಾಗ, ಇಳಿದ ಮೇಲೆ. ಬಾಯಲ್ಲಿ ಹೆಸರು ಹೇಳುತ್ತಾ, ಮುಖ ನೋಡುತ್ತಾ ಎಣಿಸಿ. ಎಲ್ಲರೂ ಇಳಿದರು ಅಂದುಕೊಂಡ ವಾಹನದ ಹಿಂದಿನ ಸೀಟನ್ನು ಒಬ್ಬರು ಹತ್ತಿ ಹೋಗಿ ನೋಡಬೇಕು. ಬಿಸಿಲಲ್ಲಿ ನಿಂತ ಮುಚ್ಚಿದ ವಾಹನದೊಳಗೆ ಬಿಸಿ ನಿಮಿಷಗಳಲ್ಲಿ ಏರುತ್ತದೆ, ನಿದ್ದೆ ಹೋದ ಮಗು ಕೂಗುವುದೂ ಇಲ್ಲ.

4. ಕೈ ತೊಳೆಯುವುದು ಮತ್ತು ಡೈಪರ್ ಬದಲಿಸುವುದು

ಡೇ ಕೇರ್‌ನಲ್ಲಿ ಒಂದು ಮಗುವಿಗೆ ಬಂದ ಭೇದಿ ಮೂರು ದಿನದಲ್ಲಿ ಎಲ್ಲರಿಗೂ ಹರಡಿದರೆ, ಅದು ಹೋದ ದಾರಿ ಸಾಮಾನ್ಯವಾಗಿ ದೊಡ್ಡವರ ಕೈಯೇ. ಸೋಪು ಹಚ್ಚಿ 20 ಸೆಕೆಂಡು ಉಜ್ಜಿ: ಬೆರಳ ಸಂದು, ಉಗುರಿನ ಕೆಳಗೆ, ಹೆಬ್ಬೆರಳ ಸುತ್ತ. ಹರಿಯುವ ನೀರಲ್ಲಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ. ಎಲ್ಲರಿಗೂ ಒಂದೇ ಟವೆಲ್ ಇಟ್ಟರೆ ತೊಳೆದದ್ದು ವ್ಯರ್ಥ. ಸ್ಯಾನಿಟೈಸರ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ವಾಂತಿ ಭೇದಿ ಹರಡುವ ನೊರೊವೈರಸ್ ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ, ಮಣ್ಣಾದ ಕೈಯಲ್ಲಿ ಅದು ಕೆಲಸವನ್ನೂ ಮಾಡುವುದಿಲ್ಲ. ಸೋಪು ನೀರೇ ಮೊದಲು.

ಡೈಪರ್ ಬದಲಿಸುವ ಕ್ರಮ ಹೀಗಿರಲಿ, ಯಾರು ಮಾಡಿದರೂ ಇದೇ ಕ್ರಮ:

ಅ. ಮಗುವನ್ನು ಎತ್ತಿಕೊಳ್ಳುವ ಮೊದಲೇ ಡೈಪರ್, ಒರೆಸುವ ಬಟ್ಟೆ, ಕವರ್, ಬದಲಿ ಬಟ್ಟೆ ಎಲ್ಲ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಕೈ ತೊಳೆದು ಗವಸು ಹಾಕಿ.
ಆ. ಮಗುವನ್ನು ಮಲಗಿಸಿ. ಇಲ್ಲಿಂದ ಮುಗಿಯುವವರೆಗೆ ಒಂದು ಕೈ ಸದಾ ಮಗುವಿನ ಮೇಲಿರಲಿ. ಮೇಜಿನಿಂದ ಉರುಳುವುದಕ್ಕೆ ಒಂದು ಕ್ಷಣ ಸಾಕು.
ಇ. ಮುಂದಿನಿಂದ ಹಿಂದಕ್ಕೆ ಒರೆಸಿ. ಹಿಂದಿನಿಂದ ಮುಂದಕ್ಕೆ ಒರೆಸಿದರೆ ಮೂತ್ರನಾಳಕ್ಕೆ ಸೋಂಕು ತಗಲುತ್ತದೆ, ಹೆಣ್ಣು ಮಕ್ಕಳಿಗೆ ಜಾಸ್ತಿ.
ಈ. ಕೊಳೆಯಾದ ಡೈಪರ್, ಗವಸು ಎರಡನ್ನೂ ಡಬ್ಬಿಗೆ ಹಾಕಿದ ಮೇಲೆಯೇ ಹೊಸ ಡೈಪರ್ ಮುಟ್ಟಿ.
ಉ. ಮಗುವಿನ ಕೈಯನ್ನೂ ತೊಳೆಸಿ. ಇದನ್ನು ಮರೆಯುವವರೇ ಹೆಚ್ಚು.
ಊ. ಮೇಜನ್ನು ಮೊದಲು ಸೋಪು ನೀರಿನಲ್ಲಿ ಒರೆಸಿ, ಆಮೇಲೆ ಕ್ರಿಮಿನಾಶಕ ಹಚ್ಚಿ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಹಸಿಯಾಗಿಯೇ ಬಿಡಿ. ಕೊನೆಗೆ ನಿಮ್ಮ ಕೈ ತೊಳೆಯಿರಿ.

ಹಚ್ಚಿದ ತಕ್ಷಣ ಒರೆಸಿಬಿಟ್ಟರೆ ಕ್ರಿಮಿನಾಶಕ ಕೆಲಸ ಮಾಡುವುದಿಲ್ಲ. ಬ್ಲೀಚ್ ಬಳಸುವವರು ಲೇಬಲ್‌ನಲ್ಲಿರುವ ಅಳತೆಯಂತೆ ದಿನಾ ಹೊಸದಾಗಿ ನೀರಿಗೆ ಬೆರೆಸಿ. ಅದಕ್ಕೆ ವಿನೆಗರ್ ಆಗಲಿ, ಅಮೋನಿಯಾ ಇರುವ ಕ್ಲೀನರ್ ಆಗಲಿ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಮಗು ಬಾಯಿಗಿಟ್ಟ ಆಟಿಕೆಗೆ ಒಂದು ಪ್ರತ್ಯೇಕ ಬುಟ್ಟಿ ಇಡಿ. ಬಾಯಿಂದ ತೆಗೆದದ್ದು ನೇರ ಬುಟ್ಟಿಗೆ, ತೊಳೆದು ಒಣಗಿದ ಮೇಲೆ ಮತ್ತೆ ಆಟಕ್ಕೆ.

5. ಮಲಗಿಸುವುದು

ಈ ಹಂತದಲ್ಲಿ ಮಾತ್ರ ಸಡಿಲ ಬಿಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಆರೋಗ್ಯವಾಗಿದ್ದ ಶಿಶು ನಿದ್ದೆಯಲ್ಲೇ ಕಾರಣ ತಿಳಿಯದಂತೆ ತೀರಿಕೊಳ್ಳುವುದನ್ನು ಹಠಾತ್ ಶಿಶು ಮರಣ ಅನ್ನುತ್ತಾರೆ. ಒಂದರಿಂದ ನಾಲ್ಕು ತಿಂಗಳ ನಡುವೆ ಇದರ ಅಪಾಯ ಹೆಚ್ಚು, ಬಹುತೇಕ ಸಾವುಗಳು ಆರು ತಿಂಗಳೊಳಗೇ ಆಗುತ್ತವೆ. ಅಮೆರಿಕದಲ್ಲಿ 1994ರಲ್ಲಿ ಶಿಶುಗಳನ್ನು ಬೆನ್ನ ಮೇಲೆ, ಅಂದರೆ ಅಂಗಾತ, ಮಲಗಿಸಿ ಅನ್ನುವ ಅಭಿಯಾನ ಶುರುವಾದ ಮೇಲೆ, ಮುಂದಿನ ವರ್ಷಗಳಲ್ಲಿ ಅಲ್ಲಿ ಈ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು. ಔಷಧಿಯಿಲ್ಲ, ಯಂತ್ರವಿಲ್ಲ, ಮಲಗಿಸುವ ರೀತಿ ಬದಲಾಯಿತು ಅಷ್ಟೆ.

ಒಂದು ವರ್ಷ ತುಂಬುವವರೆಗೆ, ಹಗಲಾಗಲಿ ರಾತ್ರಿಯಾಗಲಿ, ಪ್ರತಿ ಸಲವೂ ಬೆನ್ನ ಮೇಲೆಯೇ ಮಲಗಿಸಿ. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ತೊಟ್ಟಿಲಿನಲ್ಲಿ ಬಿಗಿಯಾದ ಒಂದು ಹಾಸು ಬಿಟ್ಟು ದಿಂಬು, ಹೊದಿಕೆ, ಗೊಂಬೆ, ಬದಿಗೆ ಕಟ್ಟುವ ಮೆತ್ತೆ ಯಾವುದೂ ಬೇಡ. ಚಳಿ ಇದ್ದರೆ ಹೊದಿಕೆಯ ಬದಲು ಮಗುವಿಗೆ ತೊಡಿಸುವ ಮಲಗುವ ಚೀಲ ಬಳಸಿ. ಸೆಕೆಯೂ ಒಳ್ಳೆಯದಲ್ಲ. ಕೈಕಾಲು ತಣ್ಣಗಿದೆಯೇ ಅಂತ ನೋಡಬೇಡಿ, ಅವು ಹೇಗಿದ್ದರೂ ತಣ್ಣಗೇ ಇರುತ್ತವೆ. ಕತ್ತಿನ ಹಿಂಭಾಗ ಮುಟ್ಟಿ, ಬೆವರಿದ್ದರೆ ಒಂದು ಪದರ ಬಟ್ಟೆ ತೆಗೆಯಿರಿ.

ಇಲ್ಲಿ ನಿಮಗೆ ಎದುರಾಗುವ ಮಾತುಗಳು ಮೂರು.

"ಬೆನ್ನ ಮೇಲೆ ಮಲಗಿಸಿದರೆ ಹಾಲು ಕಕ್ಕಿ ಉಸಿರು ಕಟ್ಟಲ್ವಾ?" ಆಗುವುದು ತಿರುವುಮುರುವು. ಬೆನ್ನ ಮೇಲೆ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಕಕ್ಕಿದ ಹಾಲು ಮೇಲೇರಿ ಶ್ವಾಸನಾಳಕ್ಕೆ ಹೋಗಬೇಕಾಗುತ್ತದೆ, ಅದು ಕಷ್ಟ. ಬೋರಲು ಮಲಗಿದಾಗಲೇ ಆ ದಾರಿ ಸುಲಭ.

"ನಮ್ಮ ಮಗು ಮನೆಯಲ್ಲಿ ಬೋರಲೇ ಮಲಗೋದು." ವೈದ್ಯರು ಬರಹದಲ್ಲಿ ಕೊಡದ ಹೊರತು ಒಪ್ಪಬೇಡಿ. ಇದಕ್ಕಿಂತ ಜಾಸ್ತಿ ಅಪಾಯ ಇನ್ನೊಂದಿದೆ: ಮನೆಯಲ್ಲಿ ಬೆನ್ನ ಮೇಲೆ ಮಲಗಿ ರೂಢಿಯಾದ ಶಿಶುವನ್ನು ಡೇ ಕೇರ್‌ನಲ್ಲಿ ಮೊದಲ ಬಾರಿಗೆ ಬೋರಲು ಮಲಗಿಸುವುದು. ರೂಢಿಯಿಲ್ಲದ ಭಂಗಿಯಲ್ಲಿ ತಲೆ ಎತ್ತಿ ತಿರುಗಿಸಲು ಅದಕ್ಕೆ ಬರುವುದಿಲ್ಲ. ಸೇರಿದ ಮೊದಲ ವಾರದಲ್ಲಿ, ಅಳುವ ಮಗುವನ್ನು ಹೇಗಾದರೂ ಮಲಗಿಸಬೇಕು ಅನ್ನುವ ಒತ್ತಡದಲ್ಲಿ, ಆಗುವುದು ಇದೇ.

"ಈಗ ತಾನೇ ಮಗುಚಿಕೊಳ್ಳುತ್ತೆ, ಏನು ಮಾಡೋದು?" ಎರಡೂ ಕಡೆ ತಾನಾಗಿ ಮಗುಚಿಕೊಳ್ಳುವ ಮಗುವನ್ನು ಬೆನ್ನ ಮೇಲೆ ಮಲಗಿಸಿ, ಆಮೇಲೆ ಅದು ಹೇಗೆ ತಿರುಗಿದರೂ ಬಿಡಿ. ಮಗುಚುವ ಲಕ್ಷಣ ಕಂಡ ದಿನದಿಂದ ಬಟ್ಟೆಯಲ್ಲಿ ಸುತ್ತಿ ಮಲಗಿಸುವುದನ್ನು ನಿಲ್ಲಿಸಿ.

ಕಾರ್ ಸೀಟ್, ಬೌನ್ಸರ್, ತಳ್ಳುಗಾಡಿಯಲ್ಲಿ ನಿದ್ದೆ ಹೋದ ಶಿಶುವನ್ನು ಎತ್ತಿ ತೊಟ್ಟಿಲಿಗೆ ಹಾಕಿ. ಒರಗಿ ಕೂತಲ್ಲಿ ಗದ್ದ ಎದೆಗೆ ತಾಗಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಪ್ರತಿ 10 ನಿಮಿಷಕ್ಕೊಮ್ಮೆ ಹತ್ತಿರ ಹೋಗಿ ಎದೆ ಏರಿಳಿಯುವುದನ್ನು ನೋಡಿ, ಸಮಯ ಬರೆದಿಡಿ. ಕ್ಯಾಮೆರಾ, ಮಾನಿಟರ್ ಇದ್ದರೂ ಇದನ್ನು ಬಿಡಬೇಡಿ. ಮುಖದ ಬಣ್ಣ ಕಾಣುವಷ್ಟು ಬೆಳಕು ಕೋಣೆಯಲ್ಲಿರಲಿ.

6. ಹಾಲು, ಊಟ

ಬಾಟಲಿಯ ಮೇಲೆ ಮಗುವಿನ ಹೆಸರು, ತಾರೀಖು ಇರಲೇಬೇಕು. ತೆಗೆದಿಟ್ಟ ಎದೆಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ಪುಡಿ ಹಾಲು ಕ್ರಿಮಿರಹಿತವಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೇ 70 ಡಿಗ್ರಿಗಿಂತ ಕಡಿಮೆಯಿಲ್ಲದ ನೀರಿನಲ್ಲಿ ಕಲಸಿ, ಆರಿಸಿ ಕೊಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗು ಕುಡಿದು ಬಿಟ್ಟ ಪುಡಿ ಹಾಲನ್ನು ಕುಡಿಯಲು ಶುರು ಮಾಡಿದ ಒಂದು ಗಂಟೆಯೊಳಗೆ ಚೆಲ್ಲಿ. ಮೈಕ್ರೋವೇವ್‌ನಲ್ಲಿ ಕಾಯಿಸಬೇಡಿ, ಬಾಟಲಿ ಬೆಚ್ಚಗೆ ಅನ್ನಿಸಿದರೂ ಒಳಗೆ ಅಲ್ಲಲ್ಲಿ ಕುದಿ ಬಿಸಿ ಇರುತ್ತದೆ. ಬಾಟಲಿಯನ್ನು ದಿಂಬಿಗೆ ಆನಿಸಿಟ್ಟು ಕುಡಿಸುವುದು ಬೇಡವೇ ಬೇಡ.

ಒಂದು ವರ್ಷದೊಳಗೆ ಜೇನು ಕೊಡಬೇಡಿ, ನಾಲಿಗೆಗೆ ಸವರುವಷ್ಟೂ ಬೇಡ. ಅದರಲ್ಲಿರಬಹುದಾದ ಬೀಜಾಣು ಶಿಶುವಿನ ಕರುಳಿನಲ್ಲಿ ಬೆಳೆದು ಬೊಟುಲಿಸಂ ಅನ್ನುವ, ಸ್ನಾಯುಗಳೇ ಸೋತುಹೋಗುವ ಕಾಯಿಲೆ ತರುತ್ತದೆ.

ಗಂಟಲಲ್ಲಿ ಸಿಕ್ಕುವ ತಿನಿಸು: ಇಡೀ ದ್ರಾಕ್ಷಿ, ಇಡೀ ಬೀಜಗಳು, ಪಾಪ್‌ಕಾರ್ನ್, ಗಟ್ಟಿ ಮಿಠಾಯಿ, ಹಸಿ ಕ್ಯಾರೆಟ್ ತುಂಡು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಾಗಿ ಕತ್ತರಿಸಿ. ಅಡ್ಡಕ್ಕೆ ಎರಡು ಮಾಡಿದರೆ ಅದು ಗಂಟಲಿಗೆ ಬಿರಡೆಯಂತೆ ಕೂತುಬಿಡುತ್ತದೆ. ಮಕ್ಕಳು ಕೂತೇ ತಿನ್ನಲಿ. ಓಡುತ್ತಾ, ನಗುತ್ತಾ, ಮಲಗಿ ತಿನ್ನುವುದು ಬೇಡ. ಅವರು ತಿನ್ನುವಾಗ ನೀವು ಪಾತ್ರೆ ತೊಳೆಯುತ್ತಾ ಬೆನ್ನು ತಿರುಗಿಸಿ ನಿಲ್ಲಬೇಡಿ. ಗಂಟಲು ಕಟ್ಟಿದ ಮಗು ಕೂಗುವುದಿಲ್ಲ.

7. ಹುಷಾರಿಲ್ಲದ ಮಗು ಬಂದರೆ

ಬೆಳಗ್ಗೆ ಬಾಗಿಲಲ್ಲೇ ಒಂದು ನಿಮಿಷ ನೋಡಿ: ಕಣ್ಣು, ಚರ್ಮ, ಉಸಿರು, ಲವಲವಿಕೆ. ಒಂದು ಪ್ರಶ್ನೆ ಮರೆಯದೆ ಕೇಳಿ: "ಬೆಳಗ್ಗೆ ಏನಾದರೂ ಔಷಧಿ ಕೊಟ್ಟಿದ್ದೀರಾ? ಎಷ್ಟು ಗಂಟೆಗೆ?" ಏಳು ಗಂಟೆಗೆ ಪ್ಯಾರಾಸಿಟಮಾಲ್ ಹಾಕಿ ಕಳಿಸಿದ ಮಗುವಿನ ಜ್ವರ ಹನ್ನೊಂದಕ್ಕೆ ಏರುತ್ತದೆ. ಕೆಲಸಕ್ಕೆ ಹೋಗಲೇಬೇಕಾದ ಅಪ್ಪ ಅಮ್ಮನ ಕಷ್ಟ ನಿಮಗೂ ಗೊತ್ತು, ಗದರಬೇಡಿ. ಆದರೆ ಕೇಳದೆ ಬಿಡಬೇಡಿ.

38 ಡಿಗ್ರಿ ಮತ್ತು ಅದಕ್ಕಿಂತ ಹೆಚ್ಚಿದ್ದರೆ ಜ್ವರ. ಮೂರು ತಿಂಗಳೊಳಗಿನ ಶಿಶುವಿಗೆ ಅಷ್ಟು ಬಂದರೆ ಕಾಯದೆ ವೈದ್ಯರಿಗೆ ತೋರಿಸಬೇಕು. ವಾಂತಿ ಭೇದಿ ನಿಂತು 48 ಗಂಟೆಯಾದ ಮೇಲೆ ಬರಲಿ. ಸಿಡುಬಿನಂಥ ಗುಳ್ಳೆ ಬರುವ ಚಿಕನ್‌ಪಾಕ್ಸ್ ಆದರೆ ಎಲ್ಲ ಗುಳ್ಳೆಯೂ ಒಣಗಿ ಹೊಪ್ಪಳೆ ಕಟ್ಟಬೇಕು. ದಡಾರ ಆದರೆ ದದ್ದು ಎದ್ದು ನಾಲ್ಕು ದಿನ ಕಳೆಯಬೇಕು. ಸುಮ್ನೆ ಮೂಗು ಸೋರುತ್ತಿದೆ, ಆಡುತ್ತಿದೆ ಅಂದರೆ ಮನೆಗೆ ಕಳಿಸುವ ಅಗತ್ಯವಿಲ್ಲ. ನಿಮ್ಮ ಸಿಬ್ಬಂದಿಯಲ್ಲಿ ಗರ್ಭಿಣಿಯರಿದ್ದರೆ ಚಿಕನ್‌ಪಾಕ್ಸ್, ರುಬೆಲ್ಲಾದಂಥ ಸೋಂಕು ಬಂದ ಕೂಡಲೇ ಅವರಿಗೆ ತಿಳಿಸಿ, ಅವರು ತಮ್ಮ ವೈದ್ಯರನ್ನು ಕೇಳಬೇಕು.

ಔಷಧಿ ಕೊಡುವುದಾದರೆ ಪೋಷಕರ ಬರಹದ ಒಪ್ಪಿಗೆ, ಮೂಲ ಬಾಟಲಿ, ಮಗುವಿನ ಹೆಸರು ಇರಲೇಬೇಕು. ಪ್ಯಾರಾಸಿಟಮಾಲ್ ಸಿರಪ್ ಎಲ್ಲ ಒಂದೇ ಅಲ್ಲ. ಒಂದರಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ ಇದ್ದರೆ ಇನ್ನೊಂದರಲ್ಲಿ 250 ಇರುತ್ತದೆ. "ದಿನಾ ಒಂದು ಚಮಚ ಕೊಡ್ತೀವಿ" ಅನ್ನುವ ಮಾತು ಕೇಳಿ ಬೇರೆ ಬಾಟಲಿಯಿಂದ ಕೊಟ್ಟರೆ ಎರಡು ಪಟ್ಟಾಗಿಬಿಡುತ್ತದೆ. ಅಡುಗೆ ಮನೆಯ ಚಮಚ ಬೇಡ, ಅಳತೆಯ ಸಿರಿಂಜ್ ಬಳಸಿ. ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ ಇರಲಿ, 24 ಗಂಟೆಯಲ್ಲಿ ನಾಲ್ಕಕ್ಕಿಂತ ಹೆಚ್ಚು ಬೇಡ. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು, ಮಿದುಳು ಮತ್ತು ಯಕೃತ್ತಿಗೆ ಹಾನಿ ಮಾಡುವ ರೈ ಸಿಂಡ್ರೋಮ್ ಬರಬಹುದು.

ಗಾಜಿನ ಲೋಟ ಒತ್ತಿದರೂ ಮಾಯವಾಗದ ದದ್ದು, ಎಬ್ಬಿಸಿದರೂ ಏಳದ ಮಂಪರು, ಪಕ್ಕೆಲುಬು ಒಳಸೇರುವಂತೆ ಉಸಿರಾಟ ಇವು ಕಂಡರೆ ಪೋಷಕರು ಬರುವವರೆಗೆ ಕಾಯಬೇಡಿ, ತುರ್ತು ಸೇವೆಗೆ ಫೋನ್ ಮಾಡಿ.

8. ತುರ್ತು ಹೊತ್ತಿನಲ್ಲಿ

ಗಂಟಲಲ್ಲಿ ಸಿಕ್ಕಿಕೊಂಡರೆ: ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದು ಬರುತ್ತಿಲ್ಲ ಅಂದರೆ ಮುಂದಕ್ಕೆ ಬಗ್ಗಿಸಿ, ಬೆನ್ನಿನ ರೆಕ್ಕೆ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಬಾರಿ ಬಲವಾಗಿ ತಟ್ಟಿ. ಹೋಗದಿದ್ದರೆ, ಒಂದು ವರ್ಷ ದಾಟಿದ ಮಗುವಿಗೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗವನ್ನು 5 ಬಾರಿ ಒಳಕ್ಕೂ ಮೇಲಕ್ಕೂ ಒತ್ತಿ. ಒಂದು ವರ್ಷದೊಳಗಿನ ಶಿಶುವಾದರೆ ಹೊಟ್ಟೆ ಒತ್ತಬಾರದು. ತಲೆ ಕೆಳಗಾಗಿ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ 5 ಬಾರಿ ತಟ್ಟಿ, ಮಗುಚಿ ಎದೆಯ ಮಧ್ಯದ ಮೂಳೆಯನ್ನು 5 ಬಾರಿ ಒತ್ತಿ. ವಸ್ತು ಹೊರಬರುವವರೆಗೆ ಹೀಗೇ ಮುಂದುವರಿಸಿ. ಪ್ರಜ್ಞೆ ತಪ್ಪಿದರೆ ಸಿಪಿಆರ್ ಶುರು ಮಾಡಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ.

ಸುಟ್ಟರೆ: ಹರಿಯುವ ತಂಪು ನೀರಿನ ಕೆಳಗೆ 20 ನಿಮಿಷ. ಐಸ್, ಬೆಣ್ಣೆ, ಟೂತ್‌ಪೇಸ್ಟ್ ಬೇಡ.

ಜ್ವರಕ್ಕೆ ಫಿಟ್ಸ್ ಬಂದರೆ: ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಏನೂ ಇಡಬೇಡಿ, ಅಮುಕಿ ಹಿಡಿಯಬೇಡಿ. ಮೊದಲ ಸಲವಾದರೆ, ಇಲ್ಲವೇ 5 ನಿಮಿಷ ದಾಟಿದರೆ ತುರ್ತು ಸೇವೆ ಕರೆಸಿ.

ತಲೆಗೆ ಪೆಟ್ಟಾದರೆ: ಮತ್ತೆ ಮತ್ತೆ ವಾಂತಿ, ಅತಿಯಾದ ಮಂಪರು, ಕಿವಿ ಮೂಗಿನಿಂದ ನೀರು, ಫಿಟ್ಸ್ ಕಂಡರೆ ಆಸ್ಪತ್ರೆ. ಏನೂ ಕಾಣದಿದ್ದರೂ ಪೋಷಕರಿಗೆ ಆಗಲೇ ಹೇಳಿ, ಮುಂದಿನ ಎರಡು ದಿನ ಅವರೂ ಗಮನಿಸಬೇಕು.

ಬೆಂಕಿಯ ಅಭ್ಯಾಸ ತಿಂಗಳಿಗೊಮ್ಮೆ ಮಾಡಿ. ಒಂದು ಸಲವಾದರೂ ಎಲ್ಲರೂ ಮಲಗಿರುವ ಹೊತ್ತಲ್ಲಿ ಮಾಡಿ ನೋಡಿ. ಹೊರಗೆ ಬರುವಾಗ ಹಾಜರಿ ಪುಸ್ತಕ ಮತ್ತು ಫೋನ್ ನಿಮ್ಮ ಕೈಯಲ್ಲಿರಬೇಕು.

9. ಅಳು ನಿಲ್ಲದಿದ್ದಾಗ

ಇದರ ಬಗ್ಗೆ ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ, ಅದಕ್ಕೇ ನಾನೇ ಬರೆಯುತ್ತೇನೆ. ಹಾಲು ಕೊಟ್ಟಾಯಿತು, ಡೈಪರ್ ನೋಡಾಯಿತು, ಎತ್ತಿಕೊಂಡಾಯಿತು, ಅಳು ನಿಲ್ಲುತ್ತಿಲ್ಲ. ಸಿಟ್ಟು ನೆತ್ತಿಗೇರುತ್ತದೆ. ಒಳ್ಳೆಯ ಆರೈಕೆದಾರರಿಗೂ ಹೀಗಾಗುತ್ತದೆ. ಅಂಥ ಹೊತ್ತಲ್ಲಿ ಶಿಶುವನ್ನು ಹಿಡಿದು ಜೋರಾಗಿ ಅಲುಗಾಡಿಸಿದರೆ ತಲೆಯೊಳಗೆ ರಕ್ತಸ್ರಾವವಾಗಿ ಮಿದುಳಿಗೆ ಶಾಶ್ವತ ಹಾನಿಯಾಗಬಹುದು, ಜೀವವೇ ಹೋಗಬಹುದು. ಕೆಲವೇ ಸೆಕೆಂಡು ಸಾಕು.

ಮಾಡಬೇಕಾದ್ದು ಇಷ್ಟು: ಮಗುವನ್ನು ಬೆನ್ನ ಮೇಲೆ ತೊಟ್ಟಿಲಿನಲ್ಲಿ ಮಲಗಿಸಿ. ಜೊತೆಗಿರುವವರನ್ನು ಕರೆಯಿರಿ. ಯಾರೂ ಇಲ್ಲದಿದ್ದರೆ ಐದು ನಿಮಿಷ ಪಕ್ಕಕ್ಕೆ ಸರಿದು, ನೀರು ಕುಡಿದು ಮತ್ತೆ ಬನ್ನಿ. ತೊಟ್ಟಿಲಿನಲ್ಲಿ ಅಳುವುದರಿಂದ ಮಗುವಿಗೆ ಏನೂ ಆಗುವುದಿಲ್ಲ. ಡೇ ಕೇರ್ ನಡೆಸುವವರು ಸಿಬ್ಬಂದಿಗೆ ಇದನ್ನು ಮೊದಲ ದಿನವೇ ಹೇಳಿ: "ನನ್ನ ಕೈಲಿ ಈಗ ಆಗ್ತಿಲ್ಲ, ನೀವು ಹಿಡ್ಕೊಳ್ಳಿ" ಅಂದರೆ ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

10. ಸಂಜೆ ಒಪ್ಪಿಸುವಾಗ

ಬಿದ್ದದ್ದು, ಕಚ್ಚಿದ್ದು, ಗೀಚಿದ್ದು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಆಗಲೇ ಬರೆಯಿರಿ: ಎಷ್ಟು ಗಂಟೆಗೆ, ಎಲ್ಲಿ, ಹೇಗೆ, ಯಾರು ನೋಡಿದರು, ಏನು ಮಾಡಿದಿರಿ. ಸಂಜೆ ನೆನಪಿನಿಂದ ಬರೆದರೆ ಅರ್ಧ ಬಿಟ್ಟುಹೋಗುತ್ತದೆ. ಪೋಷಕರಿಗೆ ತೋರಿಸಿ ಸಹಿ ಹಾಕಿಸಿ. ಬೆಳಗ್ಗೆ ಬರುವಾಗಲೇ ಮಗುವಿನ ಮೈಮೇಲೆ ಗಾಯ ಇದ್ದರೆ ಅದನ್ನೂ ಬಾಗಿಲಲ್ಲೇ ಕೇಳಿ ಬರೆದುಕೊಳ್ಳಿ. ಕೇಳಿದ್ದಕ್ಕೆ ಬಂದ ಉತ್ತರ ಗಾಯಕ್ಕೆ ಹೊಂದುತ್ತಿಲ್ಲ, ಇಂಥ ಗಾಯ ಪದೇ ಪದೇ ಕಾಣುತ್ತಿದೆ ಅನ್ನಿಸಿದರೆ ನೀವೇ ವಿಚಾರಣೆ ಮಾಡಲು ಹೋಗಬೇಡಿ, ಮಕ್ಕಳ ರಕ್ಷಣೆಯ ಇಲಾಖೆಗೆ ತಿಳಿಸಿ.

ತಿಂಗಳಿಗೊಮ್ಮೆ ಈ ಪುಸ್ತಕವನ್ನು ಮೊದಲಿನಿಂದ ಓದಿ. ಒಂದೇ ಮೂಲೆಯಲ್ಲಿ ಮೂರು ಮಕ್ಕಳು ಎಡವಿದ್ದಾರೆ ಅಂದರೆ ಅಲ್ಲಿನ ಹಾಸು ಜಾರುತ್ತಿದೆ. ಬಿದ್ದದ್ದೆಲ್ಲ ಹನ್ನೆರಡರ ಆಸುಪಾಸಿಗೆ ಅಂದರೆ ಊಟ ಬಡಿಸುವ ಹೊತ್ತಲ್ಲಿ ಕೋಣೆಯಲ್ಲಿ ಒಬ್ಬರು ಕಡಿಮೆ ಇದ್ದಾರೆ. ಹಾಸನ್ನು ಅವತ್ತೇ ತೆಗೆಯಿರಿ, ಬಡಿಸುವ ಕೆಲಸಕ್ಕೆ ಇನ್ನೊಬ್ಬರನ್ನು ಗೊತ್ತು ಮಾಡಿ.